ಒಂದು ಲ್ಯಾಪ್‌ಟಾಪ್, ಎರಡು ವ್ಯವಸ್ಥೆ: ವಿಂಡೋಸ್ ಇರಲಿ, ಲಿನಕ್ಸೂ ಬರಲಿ

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಲಿನಕ್ಸ್, ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳ ಕಂಪ್ಯೂಟರ್ ಕಲಿಕೆ ನಡೆಯುತ್ತಿರುವುದು ಹೀಗೆ. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಅದೇ ರೀತಿ ಮಾಡಿ ನೋಡಲು ಆಗುವುದಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಟೈಪು ಮಾಡಿದ್ದನ್ನು ಶಾಲೆಗೆ ತಂದರೆ ಎಷ್ಟೋ ಸಲ ಓದಲು ಬರುವುದಿಲ್ಲ. ಇದಕ್ಕೆ ದುಡ್ಡಿನ ಖರ್ಚಿಲ್ಲದ ಪರಿಹಾರ ಒಂದಿದೆ: ಒಂದೇ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಇಟ್ಟುಕೊಳ್ಳುವುದು. ಡ್ಯುಯಲ್ ಬೂಟ್ ಎಂದು ಹೇಳುವುದು ಇದಕ್ಕೇ. ಯಂತ್ರವನ್ನು ಆನ್ ಮಾಡಿದಾಗ ಒಂದು ಪಟ್ಟಿ ಬರುತ್ತದೆ. ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಎಂದು ಆರಿಸಿದರೆ ಸಾಕು. ಇದು ಕಂಪ್ಯೂಟರ್ ಹುಚ್ಚಿನವರ ಆಟ ಎಂದು ಹಲವರು ತಿಳಿದಿದ್ದಾರೆ. ಆದರೆ ಇದು ಹೈಸ್ಕೂಲಿಗೆ ಮಕ್ಕಳನ್ನು ಕಳಿಸುವ ಪ್ರತಿಯೊಂದು ಮನೆಯ ವಿಷಯ ಎಂಬುದು ನಮ್ಮ ಅಭಿಪ್ರಾಯ.

ಗಡಿಯ ಆಚೆ ಇರುವ ಮಿತ್ರರಿಗಾಗಿ ಸ್ವಲ್ಪ ಹಿನ್ನೆಲೆ. ಕೇರಳದಲ್ಲಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸಬೇಕೆಂಬ ನೀತಿ ಇಲ್ಲಿ ಬಂದು ಎಷ್ಟೋ ವರ್ಷಗಳಾದವು. ಲ್ಯಾಬಿನಲ್ಲಿರುವುದು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್. ಎಸ್ಸೆಸ್ಸೆಲ್ಸಿಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೆ ನಮ್ಮ ಮಕ್ಕಳು ಕುಳಿತುಕೊಳ್ಳುವುದು ಅದರ ಮುಂದೆಯೇ. ಪಠ್ಯಪುಸ್ತಕ ಕನ್ನಡದಲ್ಲಿದೆ, ಪಾಠ ಮಾಡುವ ಅಧ್ಯಾಪಕರೂ ಇದ್ದಾರೆ. ಇಲ್ಲದಿರುವುದು ಮನೆಯಲ್ಲಿ ಅಭ್ಯಾಸ ಮಾಡುವ ಅನುಕೂಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಪಾಠದಲ್ಲಿ ಬರುವ ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್, ಜಿಯೋಜೀಬ್ರ, ಪೈಥಾನ್ ಇವೆಲ್ಲ ವಿಂಡೋಸಿಗೂ ಉಚಿತವಾಗಿಯೇ ಸಿಗುತ್ತವಲ್ಲ, ಅಷ್ಟನ್ನು ಹಾಕಿಕೊಂಡರೆ ಸಾಲದೇ? ಏನೂ ಇಲ್ಲದೆ ಇರುವುದಕ್ಕಿಂತ ಅದು ಖಂಡಿತ ಒಳ್ಳೆಯದು. ಆದರೆ ಪರೀಕ್ಷೆಯಲ್ಲಿ ಮಕ್ಕಳು ತಡವರಿಸುವುದು ಚಿತ್ರ ಬಿಡಿಸುವಾಗ ಮಾತ್ರವಲ್ಲ. ಕಡತ ಎಲ್ಲಿದೆ, ಹೋಮ್ ಫೋಲ್ಡರ್ ಎಂದರೇನು, ಯಾವ ಹೆಸರಿನಲ್ಲಿ ಎಲ್ಲಿ ಉಳಿಸಬೇಕು, ಕನ್ನಡ ಕೀಲಿಮಣೆಗೆ ಹೋಗುವುದು ಹೇಗೆ ಎಂಬಂಥ ಸಣ್ಣ ಸಂಗತಿಗಳಲ್ಲಿ ಅವರ ಸಮಯ ಹೋಗುತ್ತದೆ. ಇವುಗಳನ್ನು ಕಲಿಸಿಕೊಡುವುದಕ್ಕಿಂತ ದಿನಾ ಬಳಸಿ ರೂಢಿಯಾಗಬೇಕು. ವಾರಕ್ಕೆ ಕೆಲವೇ ಪೀರಿಯಡ್, ಒಂದು ಯಂತ್ರಕ್ಕೆ ಇಬ್ಬರು ಮೂವರು ಮಕ್ಕಳು ಎಂಬ ಕಡೆ ಆ ರೂಢಿ ಬರುವುದು ಕಷ್ಟ.

ಇನ್ನು ಕೆಲವು ಉತ್ಸಾಹಿಗಳಿದ್ದಾರೆ. ವಿಂಡೋಸನ್ನು ಪೂರ್ತಿ ಅಳಿಸಿಬಿಡಿ, ಲಿನಕ್ಸ್ ಒಂದೇ ಸಾಕು ಎನ್ನುತ್ತಾರೆ. ಅವರ ತತ್ತ್ವದ ಮೇಲೆ ನಮಗೆ ಗೌರವವಿದೆ, ಆದರೆ ಆ ಸಲಹೆ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಮನೆಯ ಲ್ಯಾಪ್‌ಟಾಪ್ ಒಬ್ಬರದ್ದಲ್ಲ. ಅಣ್ಣನ ಕಾಲೇಜಿನ ತಂತ್ರಾಂಶ, ಅಪ್ಪನ ಲೆಕ್ಕಪತ್ರ, ಅಮ್ಮನ ಟ್ಯೂಷನ್ ಟಿಪ್ಪಣಿ ಎಲ್ಲ ಅದರಲ್ಲೇ ಇರುತ್ತವೆ. ಒಂದು ದಿನ ಬೆಳಗ್ಗೆ ಎಲ್ಲವೂ ಬದಲಾದರೆ ಲಿನಕ್ಸಿನ ಮೇಲೆ ಪ್ರೀತಿ ಹುಟ್ಟುವುದಿಲ್ಲ, ಸಿಟ್ಟು ಬರುತ್ತದೆ.

ಅದಕ್ಕಿಂತ ದೊಡ್ಡ ಕಾರಣ ನಮ್ಮ ಕನ್ನಡದ ಕಡತಗಳು. ಇಪ್ಪತ್ತು ವರ್ಷಗಳಿಂದ ನಮ್ಮ ಅಧ್ಯಾಪಕರು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ, ಟಿಪ್ಪಣಿ, ಶಾಲಾ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ ಇವುಗಳಲ್ಲಿ ಬಹುಪಾಲು ಇರುವುದು ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ. ಅಂಥ ಕಡತದ ಒಳಗೆ ನಿಜವಾಗಿ ಕನ್ನಡ ಅಕ್ಷರಗಳೇ ಇಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಿವೆ, ಅವುಗಳ ಮೇಲೆ ಕನ್ನಡದ ರೂಪ ತೊಡಿಸಿದ್ದು ಆ ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕಲಸುಮೇಲೋಗರ. ಫಾಂಟನ್ನು ಲಿನಕ್ಸಿಗೂ ನಕಲು ಮಾಡಿಕೊಂಡರೆ ಓದಲು ಬರುತ್ತದೆ ಎಂಬುದು ನಿಜ. ಆದರೆ ಅದರಲ್ಲಿ ಒಂದು ಪದವನ್ನು ಹುಡುಕಲು ಆಗುವುದಿಲ್ಲ, ವಾಟ್ಸಾಪಿಗೆ ಹಾಕಿದರೆ ಮೊಬೈಲಿನಲ್ಲಿ ಓದಲು ಬರುವುದಿಲ್ಲ. ಇದು ಲಿನಕ್ಸಿನ ದೋಷವಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡಕ್ಕೆ ಬೇರೆ ದಾರಿ ಇರಲಿಲ್ಲ. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಈಗ ಯುನಿಕೋಡ್ ಇದೆ. ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲೂ ಅದು ಒಂದೇ. ಹಳೆಯ ಕಡತಗಳೆಲ್ಲ ಯುನಿಕೋಡಿಗೆ ಬರುವವರೆಗೆ ವಿಂಡೋಸ್ ಬೇಕೇ ಬೇಕು. ಪರೀಕ್ಷೆ ಇರುವವರೆಗೆ ಲಿನಕ್ಸೂ ಬೇಕು. ಎರಡೂ ಇರಲಿ ಎಂದು ನಾವು ಹೇಳುವುದು ಇದಕ್ಕೆ.

ಈಗ ಕೆಲಸಕ್ಕೆ ಬರೋಣ. ಇದು ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು.

ಮೊದಲು ಬೇಕಾದ ಕಡತಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡಿಡಿ. ಇದನ್ನು ಮಾಡದೆ ಮುಂದಿನ ಸಾಲನ್ನು ಓದುವುದೇ ಬೇಡ. ಎರಡನೆಯದು, ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲ್ತಿಯಲ್ಲಿದೆಯೇ ನೋಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ನಮಗೆ ತಿಳಿಯದೆಯೇ ಆನ್ ಆಗಿರುತ್ತದೆ. ಹಾಗಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆಯನ್ನು ಬದಲಿಸಿದಾಗ ವಿಂಡೋಸ್ ಆ ಕೀಯನ್ನು ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಕಡತಗಳ ಆಸೆ ಬಿಡಬೇಕಾಗುತ್ತದೆ.

ಮೂರನೆಯದು, ಕಂಟ್ರೋಲ್ ಪ್ಯಾನಲಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ಪನ್ನು ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆಗ ಲಿನಕ್ಸಿನಿಂದ ವಿಂಡೋಸಿನ ಡ್ರೈವಿಗೆ ಏನನ್ನೂ ಬರೆಯಲು ಆಗದಿರಬಹುದು. ನಾಲ್ಕನೆಯದು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ಶ್ರಿಂಕ್ ಮಾಡಿ 40ರಿಂದ 60 ಜಿ.ಬಿ. ಜಾಗ ಬಿಡಿಸಿಕೊಳ್ಳಿ. ವಿಂಡೋಸಿನ ಜಾಗವನ್ನು ವಿಂಡೋಸಿನಿಂದಲೇ ಕಡಿಮೆ ಮಾಡುವುದು ಕ್ಷೇಮ. ಬಿಡಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಖಾಲಿ ಬಿಡಿ.

ಐದನೆಯದು, ಲಿನಕ್ಸಿನ ಐ.ಎಸ್.ಒ. ಕಡತವನ್ನು ಇಳಿಸಿಕೊಂಡು ರೂಫಸ್‌ನಂಥ ತಂತ್ರಾಂಶದಿಂದ ಪೆನ್ ಡ್ರೈವಿಗೆ ಬರೆಯಿರಿ. 8 ಜಿ.ಬಿ. ಅಥವಾ ಅದಕ್ಕಿಂತ ದೊಡ್ಡ ಪೆನ್ ಡ್ರೈವ್ ಇರಲಿ. ಅದರಲ್ಲಿದ್ದದ್ದು ಅಳಿಸಿ ಹೋಗುತ್ತದೆ ಎಂಬುದು ನೆನಪಿರಲಿ. ಲ್ಯಾಪ್‌ಟಾಪನ್ನು ಮತ್ತೆ ಆನ್ ಮಾಡುವಾಗ ಎಫ್2, ಎಫ್12 ಅಥವಾ ಎಸ್ಕೇಪ್ ಒತ್ತಿ ಪೆನ್ ಡ್ರೈವಿನಿಂದ ಬೂಟ್ ಮಾಡಿ. ಯಾವ ಕೀ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ. ಕೂಡಲೇ ಇನ್‌ಸ್ಟಾಲ್ ಮಾಡಬೇಡಿ. ಮೊದಲು ಪೆನ್ ಡ್ರೈವಿನಿಂದಲೇ ಓಡಿಸಿ ವೈಫೈ, ಧ್ವನಿ, ಟಚ್‌ಪ್ಯಾಡ್ ಸರಿಯಿವೆಯೇ ನೋಡಿ. ಎಲ್ಲ ಸರಿಯಿದ್ದರೆ ಇನ್‌ಸ್ಟಾಲ್ ಆರಂಭಿಸಿ, 'ವಿಂಡೋಸಿನ ಜೊತೆಗೆ' ಎಂಬ ಅರ್ಥದ ಆಯ್ಕೆಯನ್ನು ಒತ್ತಿ. 'ಇರೇಸ್ ಡಿಸ್ಕ್' ಎಂಬ ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ. ಅದನ್ನು ಒತ್ತಿದರೆ ವಿಂಡೋಸ್ ಮಾತ್ರವಲ್ಲ, ಮನೆಯವರ ಫೋಟೋಗಳೂ ಹೋದವು! ಜೊತೆಗೆ ಹಾಕುವ ಆಯ್ಕೆಯೇ ಕಾಣಿಸದಿದ್ದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕೇಳಿ.

ಆಮೇಲೆ ಎರಡು ಸಣ್ಣ ತೊಂದರೆಗಳು ಬರಬಹುದು. ಲಿನಕ್ಸಿನಿಂದ ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಯಂತ್ರದ ಒಳಗಿನ ಗಡಿಯಾರವನ್ನು ಲಿನಕ್ಸ್ ಅಂತಾರಾಷ್ಟ್ರೀಯ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಗಾಬರಿ ಬೇಡ, ಸ್ಥಳೀಯ ಸಮಯವನ್ನೇ ಬಳಸು ಎಂದು ಲಿನಕ್ಸಿಗೆ ಒಮ್ಮೆ ಹೇಳಿದರೆ ಮುಗಿಯಿತು. ಇನ್ನೊಂದು, ವಿಂಡೋಸ್ ಅಪ್‌ಡೇಟ್ ಆದ ಮೇಲೆ ಆಯ್ಕೆಯ ಪಟ್ಟಿ ಕಾಣೆಯಾಗುವುದುಂಟು. ಹೆಚ್ಚಿನ ಸಲ ಬಯೋಸಿನಲ್ಲಿ ಬೂಟ್ ಕ್ರಮವನ್ನು ಸರಿಪಡಿಸಿದರೆ ಅದು ಮರಳಿ ಬರುತ್ತದೆ. 2024ರ ಆಗಸ್ಟಿನ ಒಂದು ವಿಂಡೋಸ್ ಅಪ್‌ಡೇಟಿನಿಂದ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ತೆರೆಯದೇ ಹೋಗಿತ್ತು. ಅದು ಪೂರ್ತಿ ಸರಿಯಾದದ್ದು 2025ರ ಮೇ ತಿಂಗಳಲ್ಲಿ. ಇಂಥದ್ದು ಎಂದೂ ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ಆ ಪೆನ್ ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿ ಎಂದಷ್ಟೇ ಹೇಳುತ್ತೇವೆ.

ಹಳೆಯ ಲ್ಯಾಪ್‌ಟಾಪ್ ಇರುವ ಮನೆಗಳಿಗೆ ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೆಯ ಪ್ರೊಸೆಸರ್ ನಡೆಯುವುದಿಲ್ಲ. ಹಾಗೆಂದು ಆ ಯಂತ್ರವನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ಅಂತರಜಾಲದ ಕೆಲಸಗಳಿಗೆ ಲಿನಕ್ಸನ್ನು ಬಳಸಿ, ಹಳೆಯ ಕನ್ನಡ ಕಡತ ತೆರೆಯುವುದಕ್ಕೆ ಮಾತ್ರ ವಿಂಡೋಸಿಗೆ ಹೋದರೆ ಆ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಲಿನಕ್ಸ್ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಕನ್ನಡ ಕೀಲಿಮಣೆಯನ್ನು ಸೇರಿಸುವುದು. ಇನ್‌ಸ್ಕ್ರಿಪ್ಟ್ ಅಲ್ಲದೆ, ನುಡಿಯಲ್ಲಿ ಟೈಪು ಮಾಡಿ ಅಭ್ಯಾಸ ಇರುವವರಿಗೆ ಪರಿಚಯವಿರುವ ಕಗಪ ವಿನ್ಯಾಸವೂ ಅದರಲ್ಲಿದೆ. ಬೆರಳುಗಳಿಗೆ ಹೊಸ ಪಾಠ ಬೇಕಾಗಿಲ್ಲ. ಮೆನುಗಳನ್ನು ಕೂಡ ಕನ್ನಡಕ್ಕೆ ಬದಲಿಸಬಹುದು. ಆಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಾಣಿಸುತ್ತದೆ. ಯಾಕೆಂದರೆ ಅನುವಾದ ಮಾಡುವುದು ನಮ್ಮ ನಿಮ್ಮಂಥ ಸ್ವಯಂಸೇವಕರು. ಕನ್ನಡದಲ್ಲಿ ಅವರ ಸಂಖ್ಯೆ ಕಡಿಮೆ. ಮಲಯಾಳಕ್ಕೆ 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಈ ಕೆಲಸ ಮಾಡುತ್ತಾ ಬಂದಿದೆ. ನೆರೆಯವರು ತಮ್ಮ ಭಾಷೆಗೆ ಮಾಡಿದರೆಂದು ಅಸೂಯೆ ಪಟ್ಟು ಫಲವಿಲ್ಲ, ನೋಡಿ ಕಲಿಯಬೇಕು. ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಿ ಎಂದು ನಾವು ಕೇಳುತ್ತೇವೆ. ಕೇಳಲೇಬೇಕು. ಆದರೆ ಮಕ್ಕಳ ಕಣ್ಣ ಮುಂದಿರುವ ಪರದೆಯಲ್ಲಿ ಕನ್ನಡ ಇರುವಂತೆ ಮಾಡಲು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ.

ನಮ್ಮ ಸಲಹೆ ಇಷ್ಟು. ಬೇಸಗೆ ರಜೆಯಲ್ಲಿ ಪ್ರತಿಯೊಂದು ಶಾಲೆಯ ರಕ್ಷಕ ಶಿಕ್ಷಕ ಸಂಘ ಒಂದು ದಿನ ಲ್ಯಾಬನ್ನು ತೆರೆಯಲಿ. ಲ್ಯಾಪ್‌ಟಾಪ್ ಇರುವ ಮನೆಯವರು ಕಡತಗಳನ್ನು ನಕಲು ಮಾಡಿಕೊಂಡು ಬರಲಿ. ಲಿಟಲ್ ಕೈಟ್ಸ್ ಘಟಕದ ಮಕ್ಕಳು ಮತ್ತು ಐ.ಟಿ. ಬಲ್ಲ ಅಧ್ಯಾಪಕರು ಸೇರಿ ಲಿನಕ್ಸ್ ಹಾಕಿಕೊಡಲಿ. ಆ ಕೆಲಸ ನಡೆಯುತ್ತಿರುವಾಗ ಉಳಿದವರು ಇನ್ನೊಂದು ಬದಿಯಲ್ಲಿ ಕುಳಿತು ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಯುನಿಕೋಡಿಗೆ ಬದಲಿಸಲಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ತಪ್ಪಿದರೆ ತಿದ್ದಲು ನಮ್ಮಲ್ಲಿ ಕನ್ನಡ ಪಂಡಿತರಿಗೆ ಕೊರತೆ ಇಲ್ಲ. ಎರಡು ಮೂರು ರಜೆಗಳಲ್ಲಿ ಎಲ್ಲ ಕಡತಗಳೂ ಬದಲಾದರೆ, ಆಮೇಲೆ ವಿಂಡೋಸ್ ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಆಯಾ ಮನೆಯವರೇ ತೀರ್ಮಾನಿಸಲಿ. ಯಾವುದನ್ನು ಆರಿಸಿದರೂ ಕನ್ನಡ ಓದಲು ಬರುತ್ತದೆ.