ಕನಸಿನ ಬೆನ್ನು ಹತ್ತಿ ನಿದ್ದೆ ಕೆಡಿಸಿಕೊಳ್ಳುವುದೇ?

ಮಗನಿಗೆ ಲಕ್ವ ಹೊಡೆಯಿತೇನೋ ಎಂಬ ಗಾಬರಿಯಲ್ಲಿ ತಾಯಿಯೊಬ್ಬರು ಅವನನ್ನು ಕರೆತಂದಿದ್ದರು. ಎಂಜಿನಿಯರಿಂಗ್ ಓದುವ ಹುಡುಗ. ಬೆಳಗಿನ ಜಾವ ಎಚ್ಚರವಾಗಿದೆ; ಆದರೆ ಕೈಕಾಲು ಅಲುಗಿಲ್ಲ, ಕೂಗಲು ದನಿ ಬಂದಿಲ್ಲ. ಎದೆಯ ಮೇಲೆ ಭಾರ, ಬಾಗಿಲ ಬಳಿ ಯಾರೋ ನಿಂತಂತೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗಿದೆ. ಅಜ್ಜಿ ಆಗಲೇ ತಾಯಿತ ಕಟ್ಟಿಸಿದ್ದರು.

ತಾಯಿ ಹೊರಗೆ ಹೋದ ಮೇಲೆ ಹುಡುಗ ನಿಜ ಹೇಳಿದ. ಕನಸೆಂದು ಗೊತ್ತಿದ್ದೇ ಕನಸು ಕಾಣುವ 'ಲೂಸಿಡ್ ಡ್ರೀಮ್' ಕಲಿಯಲು ಅವನು ದಿನವೂ ನಡುರಾತ್ರಿ ಅಲಾರಂ ಇಟ್ಟು ಎದ್ದು, ಮತ್ತೆ ಮಲಗುತ್ತಿದ್ದ. "ನನ್ನ ಫ್ರೆಂಡೂ ಇದನ್ನೇ ಮಾಡ್ತಾನೆ ಡಾಕ್ಟ್ರೇ, ಅವನಿಗೆ ಏನೂ ಆಗಲ್ಲ. ನನಗೆ ಮಾತ್ರ ಯಾಕೆ?"

ಪ್ರಶ್ನೆ ಸರಿಯಾದದ್ದೇ. ನಾವು ಹೆಚ್ಚಾಗಿ ಕನಸು ಕಾಣುವುದು ಕಣ್ಣುಗುಡ್ಡೆಗಳು ಚುರುಕಾಗಿ ಹೊರಳುವ ನಿದ್ದೆಯಲ್ಲಿ. ಆಗ ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡುವವನು ಮಂಚದಿಂದ ಬೀಳುತ್ತಿದ್ದ! ಕಣ್ಣಿನ ಸ್ನಾಯುಗಳಿಗೂ ಉಸಿರಾಡಿಸುವ ವಪೆಗೂ ಮಾತ್ರ ವಿನಾಯಿತಿ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಕನಸಿನೊಳಗಿದ್ದ ವ್ಯಕ್ತಿಯಿಂದ ಸಂಕೇತ ಪಡೆದದ್ದು ಈ ಕಣ್ಣಿನ ಚಲನೆಯಿಂದಲೇ. ಮೈಯ ಬಿಗಿ ಮರಳುವ ಮುನ್ನ ಮನಸ್ಸು ಎಚ್ಚೆತ್ತರೆ ಅದೇ ಸ್ಲೀಪ್ ಪ್ಯಾರಾಲಿಸಿಸ್. ಕನಸಿನ ಚೂರುಗಳು ಕೋಣೆಯೊಳಕ್ಕೂ ಬಂದುಬಿಡುತ್ತವೆ.

ಇದು ಎಲ್ಲರಿಗೂ ಒಂದೇ ತೆರನಾಗಿ ಆಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಮಾಡಿದ ಲೆಕ್ಕದಂತೆ ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ಶೇ. 8ರಷ್ಟು, ವಿದ್ಯಾರ್ಥಿಗಳಲ್ಲಿ ಶೇ. 28. ನಿದ್ದೆಗೇಡು, ಹೊತ್ತುಗೊತ್ತಿಲ್ಲದ ಮಲಗುವಿಕೆ, ಆತಂಕ, ಅಂಗಾತ ಮಲಗುವುದು ಇವೆಲ್ಲ ಕಾರಣಗಳೇ. ಕೆಲವು ಮನೆತನಗಳಲ್ಲಿ ಇದು ಹರಿದುಬರುವುದೂ ಉಂಟು. ಬಂದಾಗಲೂ ಒಬ್ಬರಿಗೆ ಎದೆ ಅಮುಕಿದಂತೆ, ಇನ್ನೊಬ್ಬರಿಗೆ ಯಾರೋ ಬಂದಂತೆ. ಮತ್ತೊಬ್ಬರು ತೇಲಿದಂತಾಗಿ ಖುಷಿಪಡುತ್ತಾರೆ. ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದ ನನಗೂ ಒಮ್ಮೆ ಆಗಿತ್ತು. ಓದಿದ್ದ ಶರೀರಶಾಸ್ತ್ರವೊಂದೂ ಆ ಕ್ಷಣಕ್ಕೆ ನೆನಪಾಗಲಿಲ್ಲ!

ಈ ಹವ್ಯಾಸಿಗಳಲ್ಲಿ ಕೆಲವರು ಮೈ ಮರಗಟ್ಟುವುದೇ ಕನಸಿನ ಹೆಬ್ಬಾಗಿಲೆಂದು ನಂಬಿ, ಅದಕ್ಕಾಗಿಯೇ ಅಲುಗದೆ ಕಾಯುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಪ್ಪು ತಿಳಿವಳಿಕೆ. ಆ ಸ್ಥಿತಿಯನ್ನು ಒಮ್ಮೆಯೂ ಕಾಣದೆ ಲೂಸಿಡ್ ಕನಸು ಕಾಣುವವರು ಬೇಕಾದಷ್ಟಿದ್ದಾರೆ. ರಾತ್ರಿ ಮಲಗಿದ ಕೂಡಲೇ ಬರುವ ಕೈಕಾಲಿನ ಭಾರ ಬಹುಪಾಲು ಬರಿಯ ಜೋಮು. ಕನಸಿನ ನಿದ್ದೆಗೆ ಸುಮಾರು ಒಂದೂವರೆ ಗಂಟೆ ಬೇಕು. ಆದರೆ ಬೆಳಗಿನ ಜಾವ ಎದ್ದು ಮತ್ತೆ ಮಲಗಿದರೆ ಅದು ಬೇಗ ಕವಿಯುತ್ತದೆ. ಜಪಾನಿನ ಸಂಶೋಧಕರು ಆರೋಗ್ಯವಂತರ ನಿದ್ದೆಯನ್ನು ನಡುವೆ ಮುರಿದು ಈ ಸ್ಥಿತಿಯನ್ನು ಪ್ರಯೋಗಾಲಯದಲ್ಲೇ ತರಿಸಿ, 1992ರಲ್ಲಿ ವರದಿ ಮಾಡಿದ್ದಾರೆ. ನಮ್ಮ ಹುಡುಗ ಮನೆಯಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಗೆಳೆಯನಿಗೆ ಒಗ್ಗಿದ್ದು ಇವನಿಗೆ ಒಗ್ಗಲಿಲ್ಲ, ಅಷ್ಟೆ. ಪರೀಕ್ಷೆ ಎದುರಿಗಿಟ್ಟುಕೊಂಡು ನಿದ್ದೆಯನ್ನು ತುಂಡರಿಸುವ ಈ ಪ್ರಯೋಗವಂತೂ ಬೇಡವೇ ಬೇಡ.

ಆದಾಗ ಏನು ಮಾಡಬೇಕು? ಏಳಲು ಒದ್ದಾಡಬೇಡಿ. ಉಸಿರು ನಿಲ್ಲುವುದಿಲ್ಲ. ನಿಧಾನವಾಗಿ ಉಸಿರಾಡುತ್ತಾ ಒಂದು ಬೆರಳಿನ ತುದಿಯನ್ನಷ್ಟೇ ಅಲುಗಿಸಲು ನೋಡಿ. ಆಮೇಲೆ ಮಗ್ಗುಲಾಗಿ ಮಲಗಿ. ಮನೆಯವರು ಗದರಿಸುವುದೂ ಬೇಡ, ಮಂತ್ರವಾದಿಯನ್ನು ಹುಡುಕುವುದೂ ಬೇಡ. ಇದಾದ ಮಾತ್ರಕ್ಕೆ ಲಕ್ವವೂ ಅಲ್ಲ, ಹುಚ್ಚೂ ಅಲ್ಲ. ಆದರೆ ಹಗಲಿನಲ್ಲಿ ತಡೆಯಲಾರದ ನಿದ್ದೆ ಬರುತ್ತಿದ್ದರೆ, ನಕ್ಕಾಗ ಮಂಡಿ ಕುಸಿದಂತಾದರೆ ಅದು ನಾರ್ಕೊಲೆಪ್ಸಿ ಎಂಬ ಬೇರೆ ಕಾಯಿಲೆ ಇರಬಹುದು. ನರರೋಗ ತಜ್ಞರಿಗೆ ತೋರಿಸಿ.