ಬೀಗದ ಕೈ ಯಾರ ಕೈಯಲ್ಲಿ?

ಬ್ಯಾಂಕಿನ ತಿಜೋರಿಯನ್ನು ಒಬ್ಬರೇ ತೆರೆಯುವಂತಿಲ್ಲ. ಅದರ ಎರಡು ಬೀಗದ ಕೈಗಳು ಇಬ್ಬರ ವಶದಲ್ಲಿರುತ್ತವೆ. ಇದು ಅವರನ್ನು ಕಳ್ಳರೆಂದು ಶಂಕಿಸಿ ಮಾಡಿದ ಏರ್ಪಾಡಲ್ಲ; ಒಬ್ಬರ ತಪ್ಪನ್ನು ಇನ್ನೊಬ್ಬರು ತಡೆಯಲಿ ಎಂಬ ವಿವೇಕ. ಈಗ ಕಚೇರಿಗಳಿಗೆ ಹೊಸ ಬಗೆಯ ಗುಮಾಸ್ತನೊಬ್ಬ ಬಂದಿದ್ದಾನೆ. ಅವನಿಗೆ ಯಾವ ಬೀಗದ ಕೈ ಕೊಡಬೇಕು, ಯಾವುದನ್ನು ಕೊಡಬಾರದು?

ಈ ಗುಮಾಸ್ತನೇ ಕೃತಕ ಬುದ್ಧಿಮತ್ತೆಯ ‘ಏಜೆಂಟ್’. ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಾಗುವ ತಂತ್ರಾಂಶ ಇದಲ್ಲ. ಬಿಲ್ಲು ಓದುತ್ತದೆ, ಲೆಕ್ಕ ಬರೆಯುತ್ತದೆ, ಗಿರಾಕಿಗಳಿಗೆ ಪತ್ರ ಕಳಿಸುತ್ತದೆ, ಸರಕಿಗೆ ಆರ್ಡರ್ ಹಾಕುತ್ತದೆ. ಉತ್ತರ ತಪ್ಪಾದರೆ ತಿದ್ದಿಕೊಳ್ಳಬಹುದು. ಕೆಲಸವೇ ತಪ್ಪಾದರೆ?

ಅಮೆರಿಕದಲ್ಲಿ 2025ರ ಜುಲೈನಲ್ಲಿ ಹಾಗೆಯೇ ಆಯಿತು. ಉದ್ಯಮಿಯೊಬ್ಬರು ರೆಪ್ಲಿಟ್ ಕಂಪನಿಯ ಏಜೆಂಟಿನಿಂದ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಿದ್ದರು. ಸದ್ಯಕ್ಕೆ ಏನನ್ನೂ ಬದಲಿಸಬಾರದೆಂದು ಅದಕ್ಕೆ ಆದೇಶವಿತ್ತು. ಆದರೂ ಅದು 1,200ಕ್ಕೂ ಹೆಚ್ಚು ಅಧಿಕಾರಿಗಳ ವಿವರಗಳಿದ್ದ ದತ್ತಾಂಶವನ್ನು ಅಳಿಸಿಹಾಕಿತು. ಅದನ್ನು ಮರಳಿ ಪಡೆಯಲಾಗದು ಎಂದೂ ಹೇಳಿತು. ಆ ಮಾತೂ ಸುಳ್ಳಾಯಿತು. ಮಾಹಿತಿ ಮರಳಿ ಸಿಕ್ಕಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು.

ಇಲ್ಲಿ ಎರಡು ಪಾಠಗಳುಂಟು. ಮೊದಲನೆಯದು, ಆದೇಶವೆಂಬುದು ಬೀಗವಲ್ಲ. ಏಜೆಂಟಿನೊಳಗಿನ ಭಾಷಾ ಮಾದರಿ ಸಂಭವನೀಯತೆಯನ್ನು ಅನುಸರಿಸಿ ಮುಂದಿನ ಹೆಜ್ಜೆ ಇಡುತ್ತದೆ. ಓದಲು ಕೊಟ್ಟ ಬಿಲ್ಲಿನಲ್ಲಿ ಯಾರಾದರೂ ‘ಈ ಖಾತೆಗೆ ಹಣ ಕಳಿಸು’ ಎಂದು ಸೇರಿಸಿದ್ದರೆ ಅದನ್ನೇ ಯಜಮಾನರ ಅಪ್ಪಣೆಯೆಂದು ತಿಳಿಯಲೂಬಹುದು. ಆದ್ದರಿಂದ ಬೇಡದ ಬಾಗಿಲು ತೆರೆಯದಂತೆಯೇ ವ್ಯವಸ್ಥೆ ಇರಬೇಕು. ಯಾರಿಗೇ ಆಗಲಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಸಾಕು ಎಂಬ ತತ್ತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು 1975ರ ಲೇಖನದಲ್ಲೇ ವಿವರಿಸಿದ್ದರು. ಬಿಲ್ಲು ಪರಿಶೀಲಿಸುವ ಏಜೆಂಟಿಗೆ ಓದುವ ಅಧಿಕಾರವಿರಲಿ, ಹಣ ಪಾವತಿಸುವುದು ಬೇಡ. ಮ್ಯಾನೇಜರರ ಪಾಸ್‌ವರ್ಡ್ ಕೊಡದೆ ಅದಕ್ಕೇ ಪ್ರತ್ಯೇಕ ಖಾತೆ ತೆರೆಯಬೇಕು. ಅಳಿಸುವ, ಹಣ ಕಳಿಸುವಂಥ ಕೆಲಸಕ್ಕೆ ಮನುಷ್ಯರೊಬ್ಬರ ಒಪ್ಪಿಗೆ ಬೇಕೇಬೇಕು. ಅದೇ ಎರಡನೆಯ ಬೀಗದ ಕೈ.

ಎರಡನೆಯ ಪಾಠ, ಏಜೆಂಟಿನ ಕೆಲಸಕ್ಕೆ ಅದರ ಮಾತೇ ಸಾಕ್ಷಿಯಲ್ಲ. ಯಾವ ಹೊತ್ತಿನಲ್ಲಿ, ಯಾರ ಪರವಾಗಿ, ಯಾವ ಕಡತ ತೆರೆಯಿತು, ಏನನ್ನು ಬದಲಿಸಿತು ಎಂಬುದೆಲ್ಲ ತಾನಾಗಿಯೇ ದಾಖಲಾಗಬೇಕು. ಆ ದಾಖಲೆಯನ್ನು ಏಜೆಂಟ್ ತಿದ್ದುವಂತಿರಬಾರದು.

ಆದರೆ ದಾಖಲೆಯಿದ್ದರೆ ಸಾಲದು, ಅದನ್ನು ನೋಡುವವರೂ ಬೇಕು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ತಂತ್ರಾಂಶ ದಾರಿ ತಪ್ಪಿ, ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟ ತಂದಿತು. ಅದು ಕೃತಕ ಬುದ್ಧಿಮತ್ತೆಯಲ್ಲ, ಸಾಮಾನ್ಯ ಪ್ರೋಗ್ರಾಮು. ಮಾರುಕಟ್ಟೆ ತೆರೆಯುವ ಮೊದಲೇ ದೋಷ ಸೂಚಿಸುವ 97 ಇ-ಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು. ಯಾರೂ ಅವುಗಳ ಮೇಲೆ ಕ್ರಮ ಕೈಗೊಂಡಿರಲಿಲ್ಲ.

ವಿದ್ಯುತ್ ಹೆಚ್ಚಾಗಿ ಹರಿದಾಗ ಫ್ಯೂಸು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹಾಗೆಯೇ ಏಜೆಂಟಿಗೂ ಗಂಟೆಗೆ ಇಷ್ಟೇ ಕೆಲಸ, ಇಷ್ಟೇ ಮೊತ್ತ ಎಂಬ ಮಿತಿ ಹಾಕಿ, ಮೀರಿದೊಡನೆ ನಿಲ್ಲುವಂತೆ ಮಾಡಬೇಕು. ನಿಂತದ್ದೇಕೆಂದು ನೋಡುವ ಹೊಣೆಯನ್ನು ಮಾತ್ರ ಹೆಸರು ಹೇಳಿ ಒಬ್ಬರಿಗೆ ವಹಿಸಬೇಕು. ಗುಮಾಸ್ತ ಯಂತ್ರವಾದರೂ ಲೆಕ್ಕ ಒಪ್ಪಿಸಬೇಕಾದವರು ಮನುಷ್ಯರೇ ತಾನೆ?