ಗೃಹಾಲಂಕಾರ: ಗಾಜಿನ ಮೇಜುದೀಪ

ಮೇಜಿನ ಮೇಲಿರಿಸುವ ಗಾಜಿನ ದೀಪಗಳಲ್ಲಿ ನ್ಯೂಯಾರ್ಕಿನ ಟಿಫಾನಿ ಕಾರ್ಯಾಗಾರದವು ಲೋಕಪ್ರಸಿದ್ಧವಾದವು. ಅವುಗಳ ಷೇಡು ಒಂದೇ ಗಾಜಿನದಲ್ಲ. ಬಣ್ಣದ ಗಾಜಿನ ಹಲಗೆಗಳನ್ನು ಬೆಳಕಿಗೆ ಹಿಡಿದು ಆರಿಸಿ, ದಳಗಳಂತೆ ಕತ್ತರಿಸಿ, ಪ್ರತಿಯೊಂದು ಚೂರಿನ ಅಂಚಿಗೂ ತೆಳುವಾದ ತಾಮ್ರದ ತಗಡನ್ನು ಸುತ್ತಿ, ಬೆಸುಗೆಯಿಂದ ಕೂಡಿಸಿದುದು. ವಿಸ್ಟೇರಿಯವೆಂಬ ಹೂಬಳ್ಳಿಯ ದೀಪವೊಂದಕ್ಕೇ ಸುಮಾರು 2000 ಚೂರುಗಳು ಬೇಕಾಗುತ್ತಿದ್ದುವು.

ಇವೆಲ್ಲವೂ ಒಡೆಯನಾದ ಲೂಯಿ ಕಂಫರ್ಟ್ ಟಿಫಾನಿಯ ಕಲ್ಪನೆಯೆಂದೇ ಜನರು ಬಹುಕಾಲ ನಂಬಿದ್ದರು. ಆದರೆ ಅಲ್ಲಿಯ ಸ್ತ್ರೀವಿಭಾಗದ ಮುಖ್ಯಸ್ಥೆಯಾಗಿದ್ದ ಕ್ಲಾರಾ ಡ್ರಿಸ್ಕಾಲ್ ಎಂಬಾಕೆ ತಾಯಿಗೂ ಸೋದರಿಯರಿಗೂ ಬರೆದಿದ್ದ ಕಾಗದಗಳನ್ನು ವಿದ್ವಾಂಸರು ಓದಿದಮೇಲೆ, ವಿಸ್ಟೇರಿಯವೂ ಇನ್ನು ಹಲವು ದೀಪಗಳೂ ಆಕೆಯ ಕಲ್ಪನೆಯೆಂಬುದು ಬೆಳಕಿಗೆ ಬಂದಿತು. 2007ರಲ್ಲಿ ನ್ಯೂಯಾರ್ಕಿನಲ್ಲಿಯೇ ಈ ವಿಷಯವಾಗಿ ಪ್ರದರ್ಶನವೊಂದು ನಡೆಯಿತು.

ವಿವಾಹಿತ ಸ್ತ್ರೀಯರಿಗೆ ಆ ಕಾರ್ಯಾಗಾರದಲ್ಲಿ ಕೆಲಸವಿರಲಿಲ್ಲ. ಮದುವೆ ನಿಶ್ಚಯವಾದೊಡನೆ ಎಂತಹ ಕುಶಲೆಯೂ ಹೊರಡಬೇಕಾಗಿದ್ದಿತು. ದೀಪಗಳ ಮೇಲೆ ಒತ್ತುತ್ತಿದ್ದುದು ಸಂಸ್ಥೆಯ ಮುದ್ರೆಯೇ ಹೊರತು ಆಕೆಯ ಹೆಸರಲ್ಲ.

ವಾಚಕರೇ, ಮನೆಗೆ ಚೆಲುವಾದ ವಸ್ತುವೊಂದನ್ನು ತರುವಾಗ ಬೆಲೆಯನ್ನು ಕೇಳುತ್ತೇವೆ, ಅಂಗಡಿಯ ಹೆಸರನ್ನು ಕೇಳುತ್ತೇವೆ. ಮಾಡಿದ ಕೈ ಯಾರದೆಂಬುದನ್ನೂ ಕೇಳುವುದು ಲೇಸು. ಆ ಕಾಗದಗಳು ಉಳಿಯದೆ ಹೋಗಿದ್ದರೆ, ಕ್ಲಾರಾಳ ದೀಪ ಉರಿಯುತ್ತಿದ್ದರೂ ಆಕೆ ಕತ್ತಲೆಯಲ್ಲಿಯೇ ಉಳಿಯುತ್ತಿದ್ದಳು.